ಒಂದೇ ಗುಂಡಿನ ಬಂದೂಕು

ನಾನು ಎಲ್ಲಿ ಕೆಲಸ ಮಾಡುತ್ತೇನೆ ಎಂದು ಯಾರಾದರೂ ಕೇಳಿದರೆ ನಮ್ಮನೆ ಯಜಮಾನರು ‘ಸ್ಪೋರ್ಟ್ಸ್ ಸಾಮಾನಿನ ಅಂಗಡಿಯಲ್ಲಿ’ ಎಂದು ಹೇಳಿ ಮಾತು ಬದಲಿಸುತ್ತಿದ್ದರು. ಅದು ಸುಳ್ಳೇನಲ್ಲ. ಕೇಳಿದವರು ಕ್ರಿಕೆಟ್ ಬ್ಯಾಟು, ಷಟಲ್ ಕಾಕು ಎಂದುಕೊಂಡು ಸುಮ್ಮನಾಗುತ್ತಿದ್ದರು. ಒಂದು ಯುಗಾದಿ ಊಟದಲ್ಲಿ ಒಬ್ಬಾಕೆ ತಮ್ಮ ಮಗನಿಗೆ ಟೆನಿಸ್ ರಾಕೆಟ್ ಡಿಸ್ಕೌಂಟಿನಲ್ಲಿ ಕೊಡಿಸುತ್ತೀರಾ ಎಂದು ಕೇಳಿದಾಗ ನನಗೇ ತಡೆಯಲಾಗಲಿಲ್ಲ. “ರಾಕೆಟ್ ವಿಷಯ ಗೊತ್ತಿಲ್ಲ ಕಣ್ರೀ, ನಂದು ಬಂದೂಕಿನ ಕೌಂಟರ್ರು” ಎಂದೆ. ಆಕೆ ಬಾಯಿಗೆ ಒಯ್ಯುತ್ತಿದ್ದ ಹೋಳಿಗೆ ತಟ್ಟೆಗೆ ವಾಪಸು ಬಂತು.

ಈಗ ನಿವೃತ್ತಳಾಗಿದ್ದೇನೆ. ಇಲ್ಲಿ ಅಮೆರಿಕದಲ್ಲಿರುವ ನಮ್ಮವರ ಮಕ್ಕಳೂ ಕಾಲೇಜು ಓದುತ್ತಾ ಇಂಥ ಅಂಗಡಿಗಳಲ್ಲಿ ಪಾರ್ಟ್‌ಟೈಮ್ ಕೆಲಸಕ್ಕೆ ಸೇರುತ್ತಿದ್ದಾರೆ. ಅವರಲ್ಲಿ ಇಬ್ಬರು ನನ್ನನ್ನು ಹುಡುಕಿಕೊಂಡು ಬಂದು, “ಆಂಟಿ, ಕೆಲ್ಸ ಹೇಗಿರುತ್ತೆ?” ಎಂದರು. ಟ್ರೈನಿಂಗ್‌ನಲ್ಲಿ ಹೇಳಿಕೊಡುವುದನ್ನು ಅವರು ಹೇಗೂ ಕಲಿಯುತ್ತಾರೆ. ನಾನು ಬರೆಯುತ್ತಿರುವುದು ಉಳಿದದ್ದನ್ನು.

ನಾವು ಆಗ ಮಿಷಿಗನ್‌ನ ಪ್ಲಿಮತ್‌ನಲ್ಲಿದ್ದೆವು. ಯಜಮಾನರಿಗೆ ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಕೆಲಸ. ಮಕ್ಕಳು ಕಾಲೇಜಿಗೆ ಹೋದ ಮೇಲೆ ಮನೆಯಲ್ಲಿ ಕೂತು ಕೂತು ಬೇಜಾರಾಗಿ, ಹತ್ತಿರದ ಅಂಗಡಿಯ ಷೂ ವಿಭಾಗಕ್ಕೆ ಅಪ್ಲೈ ಮಾಡಿದೆ. ಅರ್ಜಿಯಲ್ಲಿ ‘ಅನುಭವ’ ಎಂಬ ಜಾಗ ಖಾಲಿ ಬಿಡಲು ನಾಚಿಕೆಯಾಯಿತು. ಮೈಸೂರಿನಲ್ಲಿ ಓದುವಾಗ ಎನ್‌ಸಿಸಿಯಲ್ಲಿ ರೈಫಲ್ ಗುರಿ ಹೊಡೆದು ಒಂದು ಸ್ಟೀಲ್ ಲೋಟ ಗೆದ್ದಿದ್ದೆ. ಬೇರೇನೂ ತೋಚದೆ ಅದನ್ನೇ ಬರೆದೆ. ಬಂದೂಕಿನ ಕೌಂಟರಿನ ಮ್ಯಾನೇಜರ್ ಡೇಲ್ ಆ ಸಾಲು ನೋಡಿ ಇಂಟರ್‌ವ್ಯೂ ಕೋಣೆಗೇ ಬಂದು, ನನ್ನನ್ನು ಷೂಗಳಿಂದ ಕಿತ್ತುಕೊಂಡು ಹೋದರು.

ಡೇಲ್ ಬಹಳ ಮಾತಿನವರಲ್ಲ. ಅವರು ಹೇಳಿದ್ದೆಲ್ಲ ಇಂಗ್ಲಿಷಿನಲ್ಲಿ, ಆದರೆ ನನ್ನ ತಲೆಯಲ್ಲಿ ಅದು ಕನ್ನಡದಲ್ಲೇ ಉಳಿದಿದೆ. ಮೊದಲ ದಿನವೇ ಒಂದು ಬಂದೂಕು ತೆರೆದು, ಹಿಂದಿನಿಂದ ನಳಿಗೆಯೊಳಗೆ ಒಂದು ಕಣ್ಣಿಟ್ಟು ನೋಡಿ, ನನ್ನ ಕೈಗಿಟ್ಟರು. ನಾನು ಸುಮ್ಮನೆ ಹಿಡಿದು ನಿಂತೆ.

“ನೀನು ನೋಡಲಿಲ್ಲ” ಎಂದರು.

“ನೀವು ನೋಡಿದಿರಲ್ಲ!”

“ನಾನು ನೋಡಿದ್ದು ನನಗೆ. ನೀನು ನೋಡಬೇಡವೇ? ಒಳಗೆ ಬೆಳಕು ಕಾಣಿಸಬೇಕು. ಬೆಳಕು ಕಾಣದ ಬಂದೂಕನ್ನು ನಂಬಬೇಡ, ಕೊಟ್ಟವನು ಯಾರೇ ಆಗಿರಲಿ.”

ನನಗೆ ಅದು ಅತಿ ಮಡಿ ಅನ್ನಿಸಿತು. ಮನೆಗೆ ಬಂದು ಯಜಮಾನರ ಮುಂದೆ ಅಣಕವಾಡಿಯೂ ತೋರಿಸಿದೆ. ಸ್ವಲ್ಪ ದಿನಕ್ಕೆ ಒಬ್ಬ ಗಿರಾಕಿ ತನ್ನ ಹಳೆಯ ಬಂದೂಕನ್ನು ಮಾರಲು ತಂದು, ಗ್ಯಾರೇಜಿನಿಂದ ಈಗಷ್ಟೇ ತೆಗೆದದ್ದು, ಒಳಗೆ ಕನ್ನಡಿ ಹಾಗಿದೆ ಎಂದು ಆಣೆ ಮಾಡಿದ. ಡೇಲ್ ಕಡ್ಡಿ ತೂರಿಸಿದಾಗ ಒಳಗಿಂದ ಕಣಜ ಕಟ್ಟಿದ ಮಣ್ಣಿನ ಗೂಡು ಉದುರಿತು. ಆ ಮಣ್ಣನ್ನು ತೋರಿಸಿ ಅವರು ನನಗೆ ಹೇಳಿದರು: “ಮುಂದೆ ದಾರಿ ಮುಚ್ಚಿದ್ದರೆ ಗುಂಡು ಹಿಂದೆ ದಾರಿ ಹುಡುಕುತ್ತದೆ. ಹಿಂದೆ ಇರುವುದು ಮುಖ.” ಅಂದು ರಾತ್ರಿ ನಾನು ಅಣಕವಾಡಲಿಲ್ಲ. ಅಂಗಡಿಯಲ್ಲಿ ಇದ್ದಷ್ಟು ವರ್ಷವೂ ನನಗೆ ಇದ್ದ ಹೆದರಿಕೆ ಅದೊಂದೇ. ನಾನು ಮಾರಿದ ಬಂದೂಕಿನಿಂದ ಅದನ್ನು ಹಿಡಿದವರಿಗೇ ಏನಾದರೂ ಆದರೆ, ಅದರಲ್ಲೂ ಹಿಡಿದದ್ದು ಮಗುವಾಗಿದ್ದರೆ, ನಾನು ಮುಂದೆ ಹೇಗೆ ಬದುಕಲಿ ಎಂಬುದು.

ಪೆದ್ದುತನಗಳಿಗೇನೂ ಕಡಿಮೆಯಿರಲಿಲ್ಲ. ಎನ್‌ಸಿಸಿ ರೈಫಲ್ಲಿಗೆ ದುರ್ಬೀನು ಎಲ್ಲಿತ್ತು? ಇಲ್ಲಿ ಮೊದಲ ಸಲ ದುರ್ಬೀನಿದ್ದ ಬಂದೂಕು ಹಿಡಿದಾಗ, ಚೆನ್ನಾಗಿ ಕಾಣಲಿ ಎಂದು ಕಣ್ಣನ್ನು ಅದಕ್ಕೇ ಅಂಟಿಸಿಕೊಂಡು ಟ್ರಿಗರ್ ಎಳೆದೆ. ಬಂದೂಕು ಹಿಂದಕ್ಕೆ ಒದ್ದು, ದುರ್ಬೀನಿನ ಅಂಚು ಹುಬ್ಬಿನ ಮೇಲೆ ಅರ್ಧಚಂದ್ರ ಕೊರೆಯಿತು. ಮಾರನೆಯ ದಿನ ಪಕ್ಕದ ಊರು ಕ್ಯಾಂಟನ್‌ನಲ್ಲಿ ಒಂದು ನಾಮಕರಣ. ಹಣೆಗೆ ಕುಂಕುಮ, ಅದರ ಪಕ್ಕಕ್ಕೆ ಬ್ಯಾಂಡೇಜು. ಬಂದವರೆಲ್ಲ ಯಜಮಾನರನ್ನು ಅನುಮಾನದಿಂದ ನೋಡಿದರು. ಪಾಪ, ಅವರಿಗೆ ಅಂದು ಪಾಯಸ ಕೂಡ ರುಚಿಸಲಿಲ್ಲ.

ಕಾಲ ಬದಲಾಯಿತು. ಮೊದಲು ಗಿರಾಕಿಗಳು ಬಂದು ‘ಯಾವುದು ಒಳ್ಳೆಯದು?’ ಎಂದು ಕೇಳುತ್ತಿದ್ದರು. ಆಮೇಲೆ ವೀಡಿಯೊ ನೋಡಿ ಬಂದು ನನಗೇ ಪಾಠ ಹೇಳತೊಡಗಿದರು. ಅವರೊಂದಿಗೆ ವಾದಕ್ಕೆ ಇಳಿಯಬೇಡಿ. ತಲೆದೂಗಿ, ಬಂದೂಕನ್ನು ಅವರ ಕೈಗೆ ಕೊಟ್ಟು ಹೆಗಲಿಗೆ ಏರಿಸಿಕೊಳ್ಳಲು ಹೇಳಿ. ಅಳತೆ ಹೊಂದದಿದ್ದರೆ ಅವರ ತೋಳೇ ಅವರಿಗೆ ಹೇಳುತ್ತದೆ.

ಯಜಮಾನರ ಕೆಲಸ ಶಿಕಾಗೋ ಕಡೆಗೆ ಬದಲಾಗಿ ನಾವು ಅರೋರಾಕ್ಕೆ ಬಂದಾಗ ನನಗೂ ಅದೇ ಬಗೆಯ ಅಂಗಡಿಯಲ್ಲಿ ಅದೇ ಕೌಂಟರ್ ಸಿಕ್ಕಿತು. ಆ ಇಲಿನಾಯ್ ರಾಜ್ಯದಲ್ಲಿ ಜಿಂಕೆ ಬೇಟೆಗೆ ರೈಫಲ್ ಕೂಡದು ಎಂಬ ನಿಯಮ ಬಹಳ ಕಾಲ ಇತ್ತು. ಶಾಟ್‌ಗನ್ನಿಗೆ ಹೆಬ್ಬೆರಳು ದಪ್ಪದ ಸೀಸದ ಗುಂಡು ಹಾಕಿ ಹೊಡೆಯಬೇಕಿತ್ತು. ಅದರ ಒದೆತಕ್ಕೆ ದೊಡ್ಡವರೇ ಹಲ್ಲು ಕಚ್ಚುತ್ತಿದ್ದರು. ಮಕ್ಕಳಂತೂ ಎರಡು ಗುಂಡು ಹೊಡೆದು ಬೇಟೆಯ ಆಸೆಯನ್ನೇ ಬಿಟ್ಟುಬಿಡುತ್ತಿದ್ದರು. ಕೆಲವು ವರ್ಷದ ಹಿಂದೆ ನಿಯಮ ಸ್ವಲ್ಪ ಸಡಿಲವಾಯಿತು. ಒಂದು ಸಲಕ್ಕೆ ಒಂದೇ ಗುಂಡು ಹಿಡಿಯುವ ರೈಫಲ್ಲಾದರೆ, ಅದೂ ಗೊತ್ತುಪಡಿಸಿದ ಕೆಲವು ಬಗೆಯ ಗುಂಡಾದರೆ, ಆಗಬಹುದು ಎಂದರು. ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಒಂದೇ ಗುಂಡಿನ ಬಂದೂಕುಗಳಿಗೆ ಒಮ್ಮೆಲೇ ಮರ್ಯಾದೆ ಬಂತು.

ಬೇಟೆ ಕಲಿಯುವ ಮಕ್ಕಳಿಗೆ ಅದಕ್ಕಿಂತ ಒಳ್ಳೆಯದಿಲ್ಲ ಎಂದು ನಾನು ಈಗಲೂ ಹೇಳುತ್ತೇನೆ. ನಡುವಿನಲ್ಲಿ ಬಾಗಿಸಿದರೆ ಬಾಯಿ ತೆರೆದುಕೊಳ್ಳುತ್ತದೆ. ಗುಂಡು ಇದೆಯೋ ಇಲ್ಲವೋ ದೂರದಲ್ಲಿ ನಿಂತವರಿಗೂ ತಿಳಿಯುತ್ತದೆ. ನಳಿಗೆಯೊಳಗೆ ನೋಡಲು ಏನೂ ಬಿಚ್ಚಬೇಕಿಲ್ಲ. ಹಗುರ, ಗಿಡ್ಡ, ಬೆಲೆಯೂ ಕಡಿಮೆ. ಎಡಗೈ ಬಲಗೈ ಎಂಬ ಭೇದವೂ ಇಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಎರಡನೆಯ ಗುಂಡು ಇಲ್ಲ ಎಂದು ಗೊತ್ತಿರುವ ಮಗು ಮೊದಲನೆಯದನ್ನು ಯೋಚಿಸಿ ಹೊಡೆಯುತ್ತದೆ.

ಆ ವರ್ಷ ಬೇಸಿಗೆಯ ಕೊನೆಗೆ ರಘುನಂದನ್ ಬಂದರು. ಮೈಸೂರಿನವರು, ಐಟಿ ಕೆಲಸ, ನಮ್ಮ ಪಕ್ಕದ ಬಡಾವಣೆಯಲ್ಲೇ ಮನೆ. ಜೊತೆಗೆ ಹನ್ನೆರಡು ವರ್ಷದ ಮಗಳು ಅನಘಾ.

“ನಮಸ್ಕಾರ ಆಂಟಿ. ನೀವಿಲ್ಲಿ ಇದೀರ ಅಂತ ಬಾಲಾಜಿ ದೇವಸ್ಥಾನದಲ್ಲಿ ಯಾರೋ ಹೇಳಿದ್ರು. ಇವಳಿಗೆ ಒಂದು ರೈಫಲ್ ಬೇಕಿತ್ತು” ಎಂದು ಆಚೀಚೆ ನೋಡಿ ದನಿ ತಗ್ಗಿಸಿದರು. “ನಮ್ಮನೇಲಿ ಮೊಟ್ಟೆ ಕೂಡ ತರಲ್ಲ. ಆದ್ರೂ ಬೇಕಿತ್ತು.”

ವಿಷಯ ಇಷ್ಟು. ಅನಘಾಳ ಗೆಳತಿ ಎಮಾ. ಎಮಾಳ ತಾತನಿಗೆ ಅರೋರಾದಿಂದ ಪಶ್ಚಿಮಕ್ಕೆ ಮುಸುಕಿನ ಜೋಳದ ಹೊಲ. ಅಕ್ಟೋಬರಿನಲ್ಲಿ ಮಕ್ಕಳಿಗೆಂದೇ, ಸೋಮವಾರವೂ ಸೇರಿದ ಒಂದು ವಾರಾಂತ್ಯ ಜಿಂಕೆ ಬೇಟೆ ಇರುತ್ತದೆ. ಅನಘಾ ಸುರಕ್ಷತೆಯ ಕೋರ್ಸು ಮುಗಿಸಿ, ಪಾಸಾಗಿ, ಅಪ್ಪನನ್ನು ಬೇಸಿಗೆಯಿಡೀ ಕಾಡಿದ್ದಳು. ಅಪ್ಪ ಕಾಗದಪತ್ರ ಮಾಡಿಸಿಕೊಂಡು ಪಕ್ಕದಲ್ಲಿ ಕೂರಲು ಒಪ್ಪಿದ್ದರು, ಒಂದು ಷರತ್ತಿನ ಮೇಲೆ. ಸಣ್ಣ ಎಡವಟ್ಟಾದರೂ ಬಂದೂಕು ವಾಪಸು, ಬೇಟೆಯ ಮಾತು ಮತ್ತೆ ಎತ್ತುವಂತಿಲ್ಲ.

“ನಿಂಗ್ಯಾಕಮ್ಮ ಬೇಟೆ?” ಎಂದು ಕೇಳಿದೆ.

“ಯೂ ಹ್ಯಾವ್ ಟು ಸಿಟ್ ಸ್ಟಿಲ್ ಫಾರ್ ಅವರ್ಸ್, ಆಂಟಿ. ಐ ಕ್ಯಾನ್ ಡೂ ದಟ್.”

“ಮನೇಲಿ ಊಟಕ್ಕೆ ಎರಡು ನಿಮಿಷ ಕೂರಲ್ಲ” ಎಂದರು ರಘುನಂದನ್.

ಅಷ್ಟರಲ್ಲಿ ಅವರ ಕಣ್ಣು ಗೋಡೆಯ ಮೇಲಿದ್ದ ಅತಿ ಉದ್ದದ ಬಂದೂಕಿನ ಮೇಲೆ ನೆಟ್ಟಿತ್ತು. ಅದನ್ನೇ ಇಳಿಸಲು ಹೇಳಿದರು. ಇವಳಿಗೆ ದೊಡ್ಡದಾಯಿತು ಎಂದೆ.

“ಬೆಳೆಯೋ ಮಗು ಆಂಟಿ. ಈಗ ಅಳತೆಗೆ ಸರಿಯಾಗಿ ತಗೊಂಡ್ರೆ ಎರಡು ವರ್ಷಕ್ಕೆ ಚಿಕ್ಕದಾಗುತ್ತೆ. ಒಂದು ಸೈಜ್ ದೊಡ್ಡದೇ ಇರ್ಲಿ.”

ನನಗೆ ನಗು ತಡೆಯಲಾಗಲಿಲ್ಲ. ಯೂನಿಫಾರ್ಮಿನ ಅಂಚನ್ನು ಒಳಗೆ ಮಡಿಸಿ ಹೊಲಿಸಿಕೊಂಡು, ವರ್ಷಕ್ಕೊಂದು ಮಡಿಕೆ ಬಿಚ್ಚುತ್ತಾ ಬೆಳೆದ ಜನ ನಾವು. ಷೂ ತುದಿಯಲ್ಲಿ ಹತ್ತಿ ತುರುಕಿಕೊಂಡೇ ಶಾಲೆಗೆ ಹೋದವರು. ಇಷ್ಟು ವರ್ಷದಲ್ಲಿ ಬಂದೂಕನ್ನು ಸೈಜ್ ದೊಡ್ಡದು ಕೊಡಿ ಎಂದು ಕೇಳಿದ ಅಮೆರಿಕನ್ ಅಪ್ಪನನ್ನು ನಾನು ಕಂಡಿಲ್ಲ. ನಮ್ಮವರು ಮಾತ್ರ ಒಬ್ಬರೂ ಬಿಡದೆ ಕೇಳಿದ್ದಾರೆ.

ವಾದ ಮಾಡದೆ ಆ ಬಂದೂಕನ್ನು ತೆರೆದು, ನೋಡಿ, ಅನಘಾಳ ಕೈಗೆ ಕೊಟ್ಟೆ. ಅವಳು ಸೊಂಟದ ಮೇಲೆ ತುಂಬಿದ ಕೊಡ ಹೊತ್ತವಳ ಹಾಗೆ ಹಿಂದಕ್ಕೆ ವಾಲಿದಳು. ಎಡಗೈಯವಳು ಬೇರೆ. ಟ್ರಿಗರಿಗೆ ಬೆರಳ ತುದಿಯಷ್ಟೇ ತಾಕುತ್ತಿತ್ತು.

“ನೋಡಿ, ಹೀಗೆ ಹಿಡಿದು ಹೊಡೆದ್ರೆ ಇದು ಹೆಗಲಿಗಲ್ಲ, ತೋಳಿಗೆ ಒದೆಯುತ್ತೆ. ಆಮೇಲೆ ಟ್ರಿಗರ್ ಮುಟ್ಟಿದಾಗೆಲ್ಲ ಕಣ್ಣು ಮುಚ್ಚೋದು ಕಲೀತಾಳೆ. ಒಂದು ಸಲ ಹೆದರಿದ ಮಗು ಮತ್ತೆ ಮುಟ್ಟಲ್ಲ” ಎಂದೆ.

ಒಂದೇ ಗುಂಡಿನ ಚಿಕ್ಕ ರೈಫಲ್ ತೆಗೆದು ಅಳತೆ ತೋರಿಸಿದೆ. ಮೊಣಕೈ ಮಡಿಸಿ ಬಂದೂಕಿನ ಹಿಂಬದಿಯನ್ನು ಮೊಣಕೈಯ ಒಳಗೆ ಇಟ್ಟರೆ, ಬೆರಳು ತಾನಾಗಿ ಟ್ರಿಗರಿನ ಮೇಲೆ ಬರಬೇಕು. ಬಂತು. ಅವಳ ಮುಖ ಅರಳಿತು.

“ಒಂದೇ ಗುಂಡಾ?” ರಘುನಂದನ್ ಮುಖ ಸಪ್ಪಗಾಯಿತು. “ತಪ್ಪಿದ್ರೆ?”

“ತಪ್ಪಿದ್ರೆ ಜಿಂಕೆ ಬದುಕುತ್ತೆ. ಮೊಟ್ಟೆ ತರದ ಮನೆಯವರಿಗೆ ಅದು ಸಂತೋಷಾನೇ ಅಲ್ವಾ?”

ಇನ್ನೂ ಒಪ್ಪಲಿಲ್ಲ. ಆಗ ಆ ಬಂದೂಕಿನ ಹಿಂಬದಿಗೆ ಸೇರಿಸುವ ರಬ್ಬರ್ ಬಿಲ್ಲೆಗಳನ್ನು ತೋರಿಸಿದೆ. ಮಗು ಬೆಳೆದ ಹಾಗೆ ಒಂದೊಂದು ಬಿಲ್ಲೆ ಸೇರಿಸಿ ಉದ್ದ ಮಾಡಿಕೊಳ್ಳಬಹುದು. “ಯೂನಿಫಾರ್ಮಿನ ಮಡಿಕೆ ಬಿಚ್ಚಿದ ಹಾಗೆ” ಎಂದೆ. ಅದು ನೇರ ಮನಸ್ಸಿಗೆ ತಟ್ಟಿತು. ತಕ್ಷಣ ಕಾರ್ಡು ತೆಗೆದರು.

ಕೊಡುವ ಮುನ್ನ ಅನಘಾಳನ್ನು ಹತ್ತಿರ ಕರೆದೆ. ಬಂದೂಕು ಬಾಗಿಸಿ, ಹಿಂದಿನಿಂದ ಕಣ್ಣಿಟ್ಟು ನೋಡಿ, ಅವಳಿಗೆ ಕೊಟ್ಟೆ. ನಾನು ಮೊದಲ ದಿನ ನಿಂತ ಹಾಗೆಯೇ ಅವಳೂ ಸುಮ್ಮನೆ ನಿಂತಳು.

“ನಾನು ನೋಡಿದ್ದು ನಂಗೆ. ನೀನು ನೋಡ್ಬೇಡ್ವಾ?”

ನೋಡಿದಳು.

“ಗುಂಡು ಹಾಕೋ ಮುಂಚೆ ಪ್ರತಿ ಸಲ ಹೀಗೇ. ಬೆಳಕು ಕಂಡ್ರೆ ಮಾತ್ರ ಗುಂಡು. ಕಾಣ್ಲಿಲ್ಲ ಅಂದ್ರೆ ನಿಮ್ಮಪ್ಪ ಹೇಳಿದ್ರೂ ಇಲ್ಲ, ನಾನು ಹೇಳಿದ್ರೂ ಇಲ್ಲ.”

“ಈವನ್ ಇಫ್ ದೇರ್ ಈಸ್ ಎ ಡಿಯರ್?”

“ಆನೆ ಬಂದ್ರೂ ಇಲ್ಲ.”

ಇಲಿನಾಯ್‌ನಲ್ಲಿ ಬಂದೂಕು ಕೊಂಡ ತಕ್ಷಣ ಮನೆಗೆ ಒಯ್ಯುವಂತಿಲ್ಲ. ಮೂರು ದಿನ ಕಾಯಬೇಕು. ಮೂರು ದಿನ ಮುಗಿಯುವುದು ಸರಿಯಾಗಿ ರಾಹುಕಾಲಕ್ಕೆ ಎಂದು ರಘುನಂದನ್ ಲೆಕ್ಕ ಹಾಕಿ, ಅದು ಕಳೆದ ಮೇಲೆ ಬಂದು ಒಯ್ದರು. ಅವರ ತಾಯಿ ಮೈಸೂರಿನಿಂದ ಬಂದಿದ್ದರು. ಸೊಸೆಗಿಂತ ಹೆಚ್ಚಾಗಿ ಆ ಅಜ್ಜಿಯೇ ಮೊಮ್ಮಗಳ ಪರ. “ಹುಡುಗಿ ಬಂದೂಕು ಹಿಡಿದ್ರೆ ಏನಾಯ್ತು? ಚಾಮುಂಡಿ ಕೈಲಿ ಇರೋದೇನು, ಸೌಟಾ?” ಎಂದಿದ್ದರಂತೆ. ಅಪ್ಪ ಮಗಳು ಗುಂಡು ಹೊಡೆದು ಅಭ್ಯಾಸ ಮಾಡುವ ರೇಂಜಿಗೆ ಹೋಗಿ ಗುರಿ ಸರಿಮಾಡಿಕೊಂಡರು. ಅವಳು ಕಣ್ಣು ಮುಚ್ಚುತ್ತಿಲ್ಲ ಎಂದು ರಘುನಂದನ್ ಫೋನ್ ಮಾಡಿ ತಿಳಿಸಿದಾಗ ನನಗೆ ಸಮಾಧಾನವಾಯಿತು. ಶುಚಿ ಮಾಡಿ ಎತ್ತಿಟ್ಟರು. ಅಷ್ಟರಲ್ಲಿ ನವರಾತ್ರಿ ಬಂತು.

ಮಕ್ಕಳ ಬೇಟೆಯ ಶನಿವಾರ ನಾನು ಬೆಳಗಿನಿಂದ ಕೌಂಟರಿನಲ್ಲಿದ್ದೆ. ಮಧ್ಯಾಹ್ನ ಅಪ್ಪ ಮಗಳು ಒಳಗೆ ಬಂದರು. ಇಬ್ಬರೂ ಬೇಟೆಗೆ ತೊಡುವ ಕಿತ್ತಳೆ ಬಣ್ಣದ ಅಂಗಿಯಲ್ಲೇ ಇದ್ದರು. ಬಂದೂಕಿನ ಪೆಟ್ಟಿಗೆ ರಘುನಂದನ್ ಕೈಯಲ್ಲಿತ್ತು. ಅನಘಾಳ ಕಣ್ಣು ಅತ್ತು ಕೆಂಪಾಗಿತ್ತು. ಮೊದಲು ಅವಳ ಕೈ ನೋಡಿದೆ, ಆಮೇಲೆ ಮುಖ. ಎಲ್ಲ ಸರಿಯಾಗಿತ್ತು.

“ಇಟ್ಸ್ ಡಾರ್ಕ್, ಆಂಟಿ” ಎಂದಳು.

ಅವರಿಬ್ಬರೂ ಹೇಳಿದ್ದನ್ನು ಸೇರಿಸಿದರೆ ನಡೆದದ್ದು ಇಷ್ಟು. ನಸುಕಿನಲ್ಲೇ ಹೊಲದ ಅಂಚಿನ ಗುಡಾರದಲ್ಲಿ ಇಬ್ಬರೂ ಕೂತಿದ್ದಾರೆ. ಅಜ್ಜಿ ಕಟ್ಟಿಕೊಟ್ಟ ಪುಳಿಯೋಗರೆಯ ಡಬ್ಬಿಯನ್ನು ರಘುನಂದನ್ ತೆರೆದುಬಿಟ್ಟಿದ್ದಾರೆ. ಆ ಇಂಗಿನ ವಾಸನೆಗೆ ಜಿಂಕೆ ಪಕ್ಕದ ಜಿಲ್ಲೆಗೇ ಹೋಗುತ್ತದೆ ಎಂದು ಮಗಳು ಬೈದಿದ್ದಾಳೆ. ಗುಂಡು ಹಾಕುವ ಹೊತ್ತಿಗೆ ಬಂದೂಕು ಬಾಗಿಸಿ, ನಳಿಗೆಯನ್ನು ಕಿಟಕಿಯ ಕಡೆ ಹಿಡಿದು ಇಣುಕಿದ್ದಾಳೆ. ಬೆಳಕು ಕಾಣಲಿಲ್ಲ.

“ಹೊರಗಡೇನೇ ಕತ್ತಲೆ ಇದೆಯಲ್ಲೇ, ಒಳಗೆಲ್ಲಿಂದ ಬೆಳಕು ಬರ್ಬೇಕು?” ಎಂದಿದ್ದಾರೆ ಅಪ್ಪ. ನ್ಯಾಯವಾದ ಮಾತೇ. ಅವಳು ಗುಂಡನ್ನು ಅಂಗೈಯಲ್ಲೇ ಹಿಡಿದುಕೊಂಡು ಕಾದಿದ್ದಾಳೆ. ಸೂರ್ಯ ಮೇಲೆ ಬಂದ. ಅವನ ಜೊತೆಗೇ, ಪುಳಿಯೋಗರೆಯನ್ನು ಲೆಕ್ಕಿಸದೆ, ಕೊಂಬಿನ ಜಿಂಕೆಯೊಂದು ಹೊಲದಂಚಿಗೆ ಬಂದು ಅಡ್ಡಕ್ಕೆ ತಿರುಗಿ ನಿಂತಿತು. ಅದಕ್ಕಿಂತ ಹತ್ತಿರ, ಅದಕ್ಕಿಂತ ಚೆನ್ನಾಗಿ ಯಾವ ಜಿಂಕೆಯೂ ನಿಲ್ಲುವುದಿಲ್ಲ. ಅನಘಾ ಮತ್ತೆ ಇಣುಕಿದಳು. ಹೊರಗೆ ಬಿಸಿಲು, ಒಳಗೆ ಕತ್ತಲೆ.

“ನಾನೇ ಹೇಳ್ದೆ ಆಂಟಿ” ಎಂದರು ರಘುನಂದನ್. “ಏನೂ ಆಗಲ್ಲ, ಹಾಕೇ ಗುಂಡು, ಹೊರಟೋಗುತ್ತೆ, ಹಾಕೇ ಅಂತ ಎರಡು ಸಲ ಹೇಳ್ದೆ. ಇವಳು ಹಾಕ್ಲಿಲ್ಲ. ಜಿಂಕೆ ಹೊರಟೋಯ್ತು. ಆಮೇಲೆ ಅಳೋಕೆ ಶುರು ಮಾಡಿದ್ಳು.”

ಬಂದೂಕು ಬಾಗಿಸಿ ನಾನೂ ನೋಡಿದೆ. ಕಗ್ಗತ್ತಲೆ. ಶುಚಿ ಮಾಡುವ ಕಡ್ಡಿಯನ್ನು ಹಿಂದಿನಿಂದ ಮೆಲ್ಲಗೆ ತಳ್ಳಿದೆ. ಎಲ್ಲೋ ತಡೆಯಿತು. ಇನ್ನಷ್ಟು ಒತ್ತಿದೆ. ನಳಿಗೆಯ ತುದಿಯಿಂದ ಒಣಗಿದ ಗಂಧದ ಉಂಡೆಯೊಂದು ಪುಡಿಪುಡಿಯಾಗಿ ಬಿತ್ತು. ಅದರ ಹಿಂದೆ ಬೆರಳುದ್ದದ ಹಸಿರು ದಂಟು, ಅದಕ್ಕೆ ಅಂಟಿದ ನಾಲ್ಕಾರು ಹಳದಿ ಎಸಳು. ಬಂದೂಕಿನ ಎಣ್ಣೆ ವಾಸನೆಯ ಆ ಕೌಂಟರಿನ ಮೇಲೆ ನಮ್ಮನೆಯ ದೇವರ ಕೋಣೆಯ ವಾಸನೆ ಎದ್ದಿತು.

“ಸೇವಂತಿಗೆ” ಎಂದೆ.

ರಘುನಂದನ್‌ಗೆ ಥಟ್ಟನೆ ನೆನಪಾಯಿತು. ಆಯುಧಪೂಜೆ! ಕಾರು, ಲ್ಯಾಪ್‌ಟಾಪು, ಮಿಕ್ಸಿ, ಹಿಮ ತಳ್ಳುವ ಯಂತ್ರ, ಎಲ್ಲದರ ಜೊತೆಗೆ ಬಂದೂಕನ್ನೂ ಗೋಡೆಗೆ ಒರಗಿಸಿ ಇಟ್ಟಿದ್ದರಂತೆ. ಪೂಜೆ ಮುಗಿದ ಮೇಲೆ ಹೂವನ್ನು ಎಳೆದು ತೆಗೆದವರು ಅವರೇ. ಕೈಗೆ ಬಂದದ್ದು ಹೂವಿನ ತಲೆ ಮಾತ್ರ. ಅಲ್ಲಿಂದಲೇ ತಾಯಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದರು.

“ಅಮ್ಮ, ಬಂದೂಕಿಗೆ ಹೂ ಎಲ್ಲಿಟ್ಟಿದ್ದೆ?”

“ಮೂತಿಗೆ ಕಣೋ. ತೂತು ಇತ್ತಲ್ಲ, ಹೂ ಇಡೋಕೆ ಅಂತ್ಲೇ ಮಾಡಿರೋ ಹಾಗಿತ್ತು. ಬೀಳ್ದೇ ಇರ್ಲಿ ಅಂತ ಸ್ವಲ್ಪ ಗಂಧ ಮೆತ್ತಿ ಸಿಕ್ಕಿಸ್ದೆ. ಯಾಕೋ, ಜಿಂಕೆ ಸಿಕ್ತಾ?”

ನಾನೇ ಫೋನ್ ತೆಗೆದುಕೊಂಡು ಹೇಳಿದೆ. ಆ ದಂಟಿನ ಹಿಂದೆ ಗುಂಡು ಹಾರಿದ್ದರೆ ನಳಿಗೆ ಸೀಳುತ್ತಿತ್ತು, ಹಿಂದೆ ಮೊಮ್ಮಗಳ ಮುಖವಿತ್ತು ಎಂದು. ಸುತ್ತಿಬಳಸದೆ ಹೇಳಿದೆ, ಏಕೆಂದರೆ ಇಂಥದ್ದನ್ನು ಮೆತ್ತಗೆ ಹೇಳಬಾರದು.

“ಮಗೂಗೆ ಏನೂ ಆಗ್ಲಿಲ್ಲ ತಾನೆ?” ಎಂದರು ಅಜ್ಜಿ.

“ಇಲ್ಲಮ್ಮ. ಅವಳು ಇಣುಕಿ ನೋಡಿದ್ಳು.”

ಅಜ್ಜಿ ಜೋರಾಗಿ ಅತ್ತುಬಿಟ್ಟರು. ಅನಘಾ ಮಾತ್ರ ಕೌಂಟರಿನ ಮೇಲಿದ್ದ ದಂಟನ್ನು ನೋಡುತ್ತಾ ನಿಂತಿದ್ದಳು. ತನ್ನಿಂದಾಗಿ ಎಲ್ಲ ಹಾಳಾಯಿತು, ಬಂದೂಕು ವಾಪಸು ಹೋಗುತ್ತದೆ ಎಂದೇ ಅವಳು ಅತ್ತದ್ದು. “ಸೋ… ವಾಸ್ ಐ ರೈಟ್?” ಎಂದು ಕೇಳಿದಳು.

ಡ್ಯೂಟಿಯಲ್ಲಿದ್ದಾಗ ಕೌಂಟರ್ ಬಿಟ್ಟು ಈಚೆ ಬರಬಾರದು ಎಂಬುದು ಅಂಗಡಿಯ ಕಟ್ಟುನಿಟ್ಟಿನ ನಿಯಮ. ನಾನು ಬಂದೆ. ಅವಳನ್ನು ತಬ್ಬಿಕೊಂಡು ನಾನೂ ಅತ್ತೆ. ಕ್ಯಾಮೆರಾದಲ್ಲಿ ನೋಡಿದ ಮ್ಯಾನೇಜರ್ ಓಡಿ ಬಂದು, ದಂಟನ್ನು ಕಂಡು, ಟಿಶ್ಯೂ ಡಬ್ಬಿ ಇಟ್ಟು ಹೋದರು.

“ಬಂದೂಕು ವಾಪಸ್ ಮಾಡ್ತೀರಾ?” ಎಂದು ರಘುನಂದನ್‌ರನ್ನು ಕೇಳಿದೆ.

“ಬಂದೂಕು ಅವಳ ಹತ್ರಾನೇ ಇರ್ಲಿ ಆಂಟಿ. ವಾಪಸ್ ಮಾಡೋದಾದ್ರೆ ನನ್ನನ್ನ ಮಾಡ್ಬೇಕು” ಎಂದರು.

ಮಿಷಿಗನ್‌ನಲ್ಲಿ ನಿವೃತ್ತರಾಗಿದ್ದ ಡೇಲ್‌ಗೆ ಅಂದೇ ಫೋನ್ ಮಾಡಿ ಎಲ್ಲ ಹೇಳಿದೆ. ಸೇವಂತಿಗೆ ಯಾವುದು, ಗಂಧ ಯಾಕೆ ಎಂದು ವಿವರಿಸಲು ಸ್ವಲ್ಪ ಹೊತ್ತು ಹಿಡಿಯಿತು. ಅವರು, “ಆ ಹುಡುಗಿ ದೊಡ್ಡವಳಾದ ಮೇಲೆ ನಿನ್ನ ಕೆಲಸ ಅವಳಿಗೆ ಕೊಡಿಸು” ಎಂದರು. ನನಗೆ ಬಡ್ತಿ ಸಿಕ್ಕಾಗಲೂ ಅಷ್ಟು ಸಂತೋಷವಾಗಿರಲಿಲ್ಲ.

ಭಾನುವಾರ, ಸೋಮವಾರ ಎರಡು ದಿನವೂ ಹೋಗಿ ಕೂತರು. ಆ ವರ್ಷ ಜಿಂಕೆ ಸಿಗಲಿಲ್ಲ. ಅವಳು ನಿಜವಾಗಿಯೂ ಗಂಟೆಗಟ್ಟಲೆ ಅಲುಗಾಡದೆ ಕೂರಬಲ್ಲಳು ಎಂದು ಅವಳ ಅಪ್ಪನಿಗೆ ಗೊತ್ತಾಯಿತು. ಅವರಿಗೇ ಸೊಂಟ ಹಿಡಿಯಿತು.

ಮರುವರ್ಷ ಆಯುಧಪೂಜೆಯ ಬೆಳಿಗ್ಗೆ, ನಾನು ಕೆಲಸ ಬಿಡಲು ಕೆಲವೇ ವಾರಗಳಿದ್ದಾಗ, ಅನಘಾಳಿಂದ ವೀಡಿಯೊ ಕರೆ ಬಂತು. ಬಂದೂಕಿನ ಹಿಂಬದಿಗೆ ಒಂದು ರಬ್ಬರ್ ಬಿಲ್ಲೆ ಆಗಲೇ ಸೇರಿತ್ತು. ಚಾಪೆಯ ಮೇಲೆ ಬಂದೂಕು ಬಾಯಿ ತೆರೆದು ಮಲಗಿತ್ತು, ಕುಂಕುಮ ಅದರ ಮರದ ಹಿಡಿಗೆ ಮಾತ್ರ ಹಚ್ಚಿತ್ತು. ಪುನಃ ಬಂದಿದ್ದ ಅಜ್ಜಿ, ರೇಷ್ಮೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕನ್ನಡಕ ತೆಗೆದಿಟ್ಟು, ನೆಲಕ್ಕೆ ಮಂಡಿಯೂರಿದ್ದರು. ಒಂದು ಕಣ್ಣು ಗಟ್ಟಿಯಾಗಿ ಮುಚ್ಚಿ, ಇನ್ನೊಂದನ್ನು ನಳಿಗೆಯ ಹಿಂಬದಿಗೆ ಒಡ್ಡಿ, ಕಿಟಕಿಯ ಬೆಳಕಿಗೆ ಇಣುಕುತ್ತಿದ್ದರು.

“ಅಜ್ಜೀ, ಐ ಆಲ್ರೆಡಿ ಚೆಕ್ಡ್!” ಎಂದಳು ಅನಘಾ.

ಅಜ್ಜಿ ಕಣ್ಣು ತೆಗೆಯಲಿಲ್ಲ. “ನೀನು ನೋಡಿದ್ದು ನಿಂಗೆ ಕಣೇ. ನಾನು ನೋಡ್ಬೇಡ್ವಾ?”